ಕಲಿಯೋಕೆ ಸಮಯ ಮೊದಲಾ, ಪ್ರಶ್ನೆ ಮೊದಲಾ?

ಹಳೆ ಪೆನ್ನು:

ಎಲ್ಲರಿಗೂ ನಮಸ್ಕಾರ. ಈ ವಿಷಯ ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ. ಕೆಲಸ, ಸಂಸಾರ ಅಂತ ಶುರುವಾದ ಮೇಲೆ ಹೊಸದೇನಾದರೂ ಕಲಿಯುವ ಮಾತು ಬಂದಾಗೆಲ್ಲ ನಾವು ಟೈಮ್ ಬಗ್ಗೆಯೇ ಮಾತಾಡುತ್ತೇವೆ. ಬೆಳಿಗ್ಗೆ ಬೇಗ ಏಳಿ, ದಿನಕ್ಕೆ ಅರ್ಧ ಗಂಟೆ ಎತ್ತಿಡಿ, ಫೋನ್ ಬೇರೆ ಕೋಣೆಯಲ್ಲಿಡಿ. ಒಳ್ಳೆಯ ಸಲಹೆಗಳೇ, ಬೇಡ ಅನ್ನುವುದಿಲ್ಲ. ಆದರೆ ಎತ್ತಿಟ್ಟ ಅರ್ಧ ಗಂಟೆಯಲ್ಲಿ ಕೂತು ಏನು ತಿಳಿದುಕೊಳ್ಳಬೇಕು ಅನ್ನುವುದೇ ಗೊತ್ತಿಲ್ಲದಿದ್ದರೆ ಅದು ಬೇಗ ಕೈಬಿಟ್ಟು ಹೋಗುತ್ತದೆ. ಅದೇ ಒಂದು ಪ್ರಶ್ನೆ ತಲೆಗೆ ಹತ್ತಿಕೊಂಡಿದ್ದರೆ, ಕ್ಯೂನಲ್ಲಿ ನಿಂತಾಗಲೂ ಅದೇ, ಪಾತ್ರೆ ತೊಳೆಯುವಾಗಲೂ ಅದೇ, ಮಲಗುವ ಮುಂಚೆ ಎರಡು ಪುಟ ತಿರುವಿ ಹಾಕುವಷ್ಟು ಹೊತ್ತು ಹೇಗೋ ಸಿಕ್ಕೇ ಸಿಗುತ್ತದೆ.

"ಖಗೋಳ ವಿಜ್ಞಾನ ಕಲಿಯಬೇಕು" ಅನ್ನುವುದು ಆಸೆ. ಅದಕ್ಕೆ ಹಿಡಿ ಇಲ್ಲ. "1900 ಯಾಕೆ ಅಧಿಕ ವರ್ಷ ಅಲ್ಲ, 2000 ಯಾಕೆ ಹೌದು?" ಇದು ಪ್ರಶ್ನೆ. ನನ್ನನ್ನು ಈ ಪ್ರಶ್ನೆ ಎಲ್ಲೆಲ್ಲಿಗೋ ಕರೆದುಕೊಂಡು ಹೋಯಿತು. ಋತುಗಳು ಒಂದು ಸುತ್ತು ಬರಲು ಸರಿಯಾಗಿ ಮುನ್ನೂರ ಅರವತ್ತೈದೂಕಾಲು ದಿನ ಬೇಕಾಗುವುದಿಲ್ಲ, ಅದಕ್ಕಿಂತ ಸುಮಾರು 11 ನಿಮಿಷ ಕಮ್ಮಿ ಸಾಕು. ನಾಲ್ಕು ವರ್ಷಕ್ಕೊಮ್ಮೆ ತಪ್ಪದೆ ಒಂದು ದಿನ ಸೇರಿಸುತ್ತಾ ಹೋದರೆ ಸುಮಾರು 128 ವರ್ಷಕ್ಕೆ ಒಂದು ದಿನ ಹೆಚ್ಚಾಗುತ್ತದೆ. ಹಾಗೆ ಸೇರಿ ಸೇರಿ 1582ರ ಹೊತ್ತಿಗೆ ಕ್ಯಾಲೆಂಡರಿನಿಂದ 10 ದಿನಗಳನ್ನೇ ಕಿತ್ತು ಹಾಕಬೇಕಾಯಿತು. ಹೊಸ ಕ್ಯಾಲೆಂಡರನ್ನು ಮೊದಲು ಒಪ್ಪಿದ ದೇಶಗಳಲ್ಲಿ ಅಕ್ಟೋಬರ್ 4ರ ಮರುದಿನವೇ ಅಕ್ಟೋಬರ್ 15! ಅದರ ಜೊತೆಗೇ ಬಂದ ನಿಯಮದ ಪ್ರಕಾರ ನೂರರಿಂದ ಭಾಗವಾಗುವ ವರ್ಷ ನಾನೂರರಿಂದಲೂ ಭಾಗವಾದರೆ ಮಾತ್ರ ಅಧಿಕ ವರ್ಷ. ಒಂದು ಚಿಕ್ಕ ಪ್ರಶ್ನೆಯಿಂದ ಖಗೋಳ, ಇತಿಹಾಸ, ಭಿನ್ನರಾಶಿ ಮೂರೂ ಬಂತು. ಇದಕ್ಕೆ ನಾನು ಟೈಮ್‌ಟೇಬಲ್ ಹಾಕಿಕೊಂಡಿರಲಿಲ್ಲ.

ಜಾರ್ಜ್ ಲೋವೆನ್‌ಸ್ಟೈನ್ ಅನ್ನುವ ಅಮೆರಿಕದ ಅರ್ಥಶಾಸ್ತ್ರಜ್ಞರು 1994ರಲ್ಲಿ ಕುತೂಹಲದ ಬಗ್ಗೆ ಹೇಳಿದ್ದು ನನಗೆ ಬಹಳ ಹಿಡಿಸಿತು. ನಮಗೆ ಗೊತ್ತಿರುವುದಕ್ಕೂ ಗೊತ್ತಾಗಬೇಕು ಅನ್ನಿಸುವುದಕ್ಕೂ ನಡುವೆ ಒಂದು ಅಂತರ ಕಂಡಾಗ ಕುತೂಹಲ ಹುಟ್ಟುತ್ತದೆ ಅಂತ. ಅಂದರೆ ಏನೂ ಗೊತ್ತಿಲ್ಲದ ಕಡೆ ಕುತೂಹಲ ಹುಟ್ಟುವುದು ಕಷ್ಟ. ಸ್ವಲ್ಪ ಗೊತ್ತಿರಬೇಕು, ಪೂರ್ತಿ ಗೊತ್ತಿರಬಾರದು. "ನನಗೆ ಯಾವುದರಲ್ಲೂ ಆಸಕ್ತಿ ಇಲ್ಲ" ಅನ್ನುವವರಿಗೆ ನಾನು ಹೇಳುವುದು ಇಷ್ಟೇ: ಯಾವುದಾದರೂ ಒಂದನ್ನು ಸ್ವಲ್ಪ ತಿಳಿದುಕೊಳ್ಳಿ, ಆಸಕ್ತಿ ಆಮೇಲೆ ಬರುತ್ತದೆ.

ನಿಮಗೆ ಹೇಗೆ? ಸದ್ಯ ನಿಮ್ಮ ತಲೆಯಲ್ಲಿ ಯಾವ ಪ್ರಶ್ನೆ ಓಡಾಡುತ್ತಿದೆ?

ಮೂರನೇ ಪಾಳಿ:

ಸರ್, ನಿಮ್ಮ ಮಾತು ಇಷ್ಟ ಆಯಿತು. ಆದರೆ ಅರ್ಧ ಮಾತ್ರ ಒಪ್ಪುತ್ತೇನೆ. ನಾನು ಒಂದು ಕೋಲ್ಡ್ ಸ್ಟೋರೇಜ್‌ನಲ್ಲಿ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸ ಮಾಡುತ್ತೇನೆ. ರಾತ್ರಿ ಪಾಳಿ ಮುಗಿಸಿ ಬಂದು ಪುಸ್ತಕ ತೆರೆದರೆ ಅಕ್ಷರ ಕಣ್ಣಿಗೆ ಹತ್ತುವುದಿಲ್ಲ. ಅದು ಕುತೂಹಲ ಕಮ್ಮಿ ಆಗಿದ್ದಕ್ಕೆ ಅಲ್ಲ. ದಣಿವು. ಪ್ರಶ್ನೆ ಇದ್ದರೆ ಸಮಯ ತಾನಾಗೇ ಬರುತ್ತದೆ ಅಂದರೆ, ಸಮಯ ಸಿಗದವರಿಗೆ ಪ್ರಶ್ನೆಯೇ ಇಲ್ಲ ಅಂದ ಹಾಗಾಗುತ್ತದೆ ಅಲ್ವಾ? ಅದು ನ್ಯಾಯ ಅಲ್ಲ.

ಕಿಟಕಿ ಪಕ್ಕ:

ಮೂರನೇ ಪಾಳಿ ಅವರು ಹೇಳಿದ್ದು ನೂರಕ್ಕೆ ನೂರು ನಿಜ. ಮನೆಯಲ್ಲಿ ಪುಟ್ಟ ಮಗಳಿದ್ದಾಳೆ, ಹಾಸಿಗೆ ಹಿಡಿದ ಅತ್ತೆ ಇದ್ದಾರೆ. ನನಗೆ ಸಿಗುವುದು ತುಂಡು ತುಂಡು ಹೊತ್ತು. ಐದು ನಿಮಿಷ ಇಲ್ಲಿ, ಹತ್ತು ನಿಮಿಷ ಅಲ್ಲಿ, ಅದೂ ಯಾವಾಗ ಮುಗಿಯುತ್ತದೆ ಅಂತ ಮೊದಲೇ ಗೊತ್ತಿರುವುದಿಲ್ಲ. ಕಲಿಕೆಗೆ ಅಡ್ಡಿ ಬರುವುದು ಹೊತ್ತು ಚಿಕ್ಕದಾಗಿರುವುದಕ್ಕಿಂತ ಜಾಸ್ತಿ, ಯಾವ ಕ್ಷಣದಲ್ಲಾದರೂ ಯಾರಾದರೂ ಕರೆಯಬಹುದು ಅನ್ನುವ ಆ ಎಚ್ಚರ. ಇದನ್ನು ಅನುಭವಿಸದವರಿಗೆ ಹೇಳಿ ಅರ್ಥ ಮಾಡಿಸುವುದು ಕಷ್ಟ.

ಸ್ಕಾಟ್‌ಲೆಂಡಿನ ಮೇರಿ ಸಾಮರ್‌ವಿಲ್ ಬಗ್ಗೆ ಓದಿದ ಮೇಲೆ ನನಗೆ ಸ್ವಲ್ಪ ಧೈರ್ಯ ಬಂತು. 1780ರಲ್ಲಿ ಹುಟ್ಟಿದವರು. ಹೆಂಗಸರ ಫ್ಯಾಷನ್ ಪತ್ರಿಕೆಯೊಂದರ ಒಗಟಿನಲ್ಲಿ ಎಕ್ಸ್, ವೈ ಅಂತ ವಿಚಿತ್ರ ಅಕ್ಷರಗಳನ್ನು ನೋಡಿ, ಇದೇನು ಅಂತ ಕೇಳಿದಾಗ ಬೀಜಗಣಿತ ಅನ್ನುವುದು ಒಂದಿದೆ ಅಂತ ಅವರಿಗೆ ಗೊತ್ತಾಗಿದ್ದು! ಹುಡುಗಿ ರಾತ್ರಿ ಎಲ್ಲಾ ಓದುತ್ತಾಳೆ ಅಂತ ಮನೆಯವರು ಅವರ ಕೋಣೆಯಿಂದ ಮೇಣದ ಬತ್ತಿಯನ್ನೇ ತೆಗೆಸಿಬಿಟ್ಟರು. ಅವರು ಕತ್ತಲಲ್ಲಿ ಮಲಗಿಕೊಂಡೇ ಯೂಕ್ಲಿಡ್‌ನ ರೇಖಾಗಣಿತದ ಲೆಕ್ಕಗಳನ್ನು ಮನಸ್ಸಿನಲ್ಲೇ ಒಂದೊಂದಾಗಿ ಬಿಡಿಸುತ್ತಿದ್ದರಂತೆ. ಮೊದಲ ಗಂಡನಿಗೆ ಹೆಂಗಸರು ಓದುವುದರ ಬಗ್ಗೆ ಒಳ್ಳೆಯ ಅಭಿಪ್ರಾಯ ಇರಲಿಲ್ಲ. ಎರಡನೇ ಗಂಡ ಬೆಂಬಲಕ್ಕೆ ನಿಂತರು. 1831ರಲ್ಲಿ ಫ್ರೆಂಚ್ ಗಣಿತಜ್ಞ ಲಾಪ್ಲಾಸ್‌ನ ಕಠಿಣ ಖಗೋಳ ಗಣಿತವನ್ನು ವಿವರಣೆ ಸಹಿತ ಇಂಗ್ಲಿಷ್‌ಗೆ ತಂದರು. ಆಗ ಅವರಿಗೆ ಐವತ್ತು ದಾಟಿತ್ತು.

ಇದರಲ್ಲಿ ಹಳೆ ಪೆನ್ನು ಅವರ ಮಾತೂ ಇದೆ, ಮೂರನೇ ಪಾಳಿ ಅವರ ಮಾತೂ ಇದೆ. ಪ್ರಶ್ನೆ ಅವರದ್ದೇ. ಆದರೆ ಬತ್ತಿ ಯಾರ ಕೈಯಲ್ಲಿತ್ತು ಅನ್ನುವುದೂ ಅಷ್ಟೇ ಮುಖ್ಯ.

ಪ್ರಶ್ನೆ ಕೇಳಿದ್ದೀರಿ, ಅದಕ್ಕೆ: ಮಗಳು ಮೊನ್ನೆ ಕೇಳಿದಳು, "ಅಮ್ಮಾ, ನಿನ್ನೆ ಇದೇ ಹೊತ್ತಿಗೆ ಚಂದಮಾಮ ಮೇಲೆ ಬಂದಿದ್ದ, ಇವತ್ತು ಯಾಕೆ ಇನ್ನೂ ಬಂದಿಲ್ಲ?" ಚಂದ್ರ ದಿನಾ ತಡವಾಗಿ ಹುಟ್ಟುತ್ತಾನೆ ಅಂತ ನನಗೆ ಗೊತ್ತಿತ್ತು. ಯಾಕೆ ಅಂತ ಹೇಳಲು ಗೊತ್ತಾಗಲಿಲ್ಲ.

ಹಳೆ ಪೆನ್ನು:

ಇಬ್ಬರಿಗೂ ಧನ್ಯವಾದ. ಬತ್ತಿಯ ಮಾತು ಮನಸ್ಸಿಗೆ ತಾಕಿತು. ಮೇಡಂ, ನಿಮ್ಮ ಮಗಳ ಪ್ರಶ್ನೆ ಅದ್ಭುತವಾಗಿದೆ. ಉತ್ತರ ಹುಡುಕುವ ಮುಂಚೆ ಒಂದು ಕೆಲಸ ಮಾಡಿ. ನಿಮ್ಮ ಕಿಟಕಿಯಿಂದ ಪೂರ್ವ ಕಾಣುತ್ತದಾ? ಕಂಡರೆ ಚಂದ್ರ ಒಂದೇ ಗುರುತಿನ ಹತ್ತಿರ, ಅಂದರೆ ಒಂದು ಕಂಬವೋ ಮರವೋ, ಅದರ ತುದಿಗೆ ಬರುವ ಹೊತ್ತನ್ನು ದಿನಾ ಬರೆದಿಡಿ. ಒಂದು ದಿನ ಮೋಡ ಬಂದರೂ ಪರವಾಗಿಲ್ಲ. ನಿಮ್ಮ ಐದು ನಿಮಿಷ ಇದಕ್ಕೆ ಧಾರಾಳ ಸಾಕು.

ಎರಡನೇ ಸಾಲು:

ನಾನು ಐಟಿಯಲ್ಲಿದ್ದೇನೆ. ನನ್ನ ಪ್ರಶ್ನೆ ಬೇರೆ. ಇದೆಲ್ಲ ಕೇಳಲು ಚೆನ್ನಾಗಿದೆ. ಆದರೆ ನಮ್ಮ ಫೀಲ್ಡಿನಲ್ಲಿ ಕಲಿಯುವುದು ಅಂದರೆ ಉಳಿಯುವುದು. ಹೊಸ ಟೂಲ್ ಬಂತು, ಕಲಿಯಬೇಕು. ಸರ್ಟಿಫಿಕೇಟ್ ಬೇಕು, ಪರೀಕ್ಷೆ ಕಟ್ಟಬೇಕು. ಶನಿವಾರ ಭಾನುವಾರ ಎಲ್ಲಾ ಅದಕ್ಕೇ ಹೋಗುತ್ತದೆ. ಅದರ ಮಧ್ಯೆ ಅಧಿಕ ವರ್ಷ, ಚಂದ್ರ ಅಂತ ಕೂತರೆ "ಇದರಿಂದ ಏನು ಉಪಯೋಗ" ಅನ್ನುವ ದನಿ ಒಳಗೇ ಏಳುತ್ತದೆ. ಆ ದನಿ ನನ್ನದಾ ಅಥವಾ ಆಫೀಸಿನದಾ ಅಂತ ಈಚೆಗೆ ಗೊತ್ತೇ ಆಗುತ್ತಿಲ್ಲ. ಚಿಕ್ಕವನಿದ್ದಾಗ ರೇಡಿಯೋ ಬಿಚ್ಚಿ ನೋಡುವಾಗ ಈ ದನಿ ಇರಲಿಲ್ಲ ಅನ್ನುವುದು ಮಾತ್ರ ಗ್ಯಾರಂಟಿ.

ಲೆಕ್ಕದ ಪುಸ್ತಕ:

ತಮ್ಮಾ, ಎರಡನೇ ಸಾಲು, ಹಾಗೆ ಕರೆಯಬಹುದು ಅಂದುಕೊಳ್ಳುತ್ತೇನೆ, ನಾನು ನಿವೃತ್ತ. ನಿಮ್ಮ ಫೀಲ್ಡಿನದೇ ಒಂದು ವಿಷಯ ಹೇಳುತ್ತೇನೆ. ಅವಿಭಾಜ್ಯ ಸಂಖ್ಯೆಗಳ ಗಣಿತವನ್ನು ಜನ ಎರಡು ಸಾವಿರ ವರ್ಷಕ್ಕೂ ಜಾಸ್ತಿ ಕಾಲ ಬರೀ ಕುತೂಹಲಕ್ಕೆ ಅಂತಲೇ ಮಾಡಿಕೊಂಡು ಬಂದರು. ಅವು ಎಣಿಕೆಗೆ ಮುಗಿಯುವುದಿಲ್ಲ ಅಂತ ಯೂಕ್ಲಿಡ್ ತೋರಿಸಿದ್ದು ಯಾವ ಉಪಯೋಗಕ್ಕೆ? 1940ರಲ್ಲೂ ಹಾರ್ಡಿಯಂಥ ದೊಡ್ಡ ಗಣಿತಜ್ಞ, ತಾನು ಉಪಯೋಗಕ್ಕೆ ಬರುವಂಥದ್ದೇನೂ ಮಾಡಿಲ್ಲ ಅಂತ ಬರೆದರು. 1977ರಲ್ಲಿ ರಿವೆಸ್ಟ್, ಶಮೀರ್, ಏಡಲ್‌ಮನ್ ಮೂವರೂ ಸೇರಿ ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನೇ ಹಿಡಿದು ಗುಟ್ಟಿನ ಸಂದೇಶ ಕಳಿಸುವ ದಾರಿ ಮಾಡಿದರು. ನೀವು ದಿನಾ ಕೆಲಸ ಮಾಡುವ ಇಂಟರ್ನೆಟ್ಟಿನ ಭದ್ರತೆಯಲ್ಲಿ ಅದು ಎಷ್ಟು ದೊಡ್ಡ ಪಾತ್ರ ವಹಿಸಿತು ಅಂತ ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಆದರೆ ಕುತೂಹಲವನ್ನು ಕಾಪಾಡಲು "ಮುಂದೆ ಯಾವತ್ತೋ ಉಪಯೋಗಕ್ಕೆ ಬರುತ್ತದೆ" ಅನ್ನುವ ವಾದವೇ ಬೇಕು ಅಂತ ನಾನು ಒಪ್ಪುವುದಿಲ್ಲ. ಉಪಯೋಗಕ್ಕೆ ಬಾರದೆ ಇದ್ದಿದ್ದರೂ ಯೂಕ್ಲಿಡ್‌ನ ಆ ಸಾಧನೆ ಅಷ್ಟೇ ಚೆಂದ.

ನನ್ನ ವಿಷಯಕ್ಕೆ ಬರುತ್ತೇನೆ. ನಿವೃತ್ತಿ ಆದ ಮೇಲೆ ಗಣಿತ ಮತ್ತೆ ಶುರು ಮಾಡಿದೆ, ಕಾಲೇಜಿನಲ್ಲಿ ಬಿಟ್ಟಲ್ಲಿಂದ. "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ" ಅಂತ ಮನೆಯಲ್ಲೇ ಹೇಳಿದವರಿದ್ದಾರೆ. ಈ ಗಾದೆ ಮಕ್ಕಳಿಗೆ ಶಿಸ್ತು ಕಲಿಸಲು ಸರಿ ಇರಬಹುದು. ದೊಡ್ಡವರ ಕಲಿಕೆಗೆ ಸರಿ ಅಲ್ಲ. ಲಂಡನ್ನಿನಲ್ಲಿ ಟ್ಯಾಕ್ಸಿ ಓಡಿಸುವ ಲೈಸೆನ್ಸ್ ಬೇಕು ಅಂದರೆ ಊರ ನಡುವಿನಿಂದ ಆರು ಮೈಲಿ ದೂರದವರೆಗಿನ ಸುಮಾರು 25,000 ಬೀದಿಗಳನ್ನು ಬಾಯಿಪಾಠ ಮಾಡಬೇಕು. ವರ್ಷಗಟ್ಟಲೆ ಹಿಡಿಯುತ್ತದೆ. ಎಲೀನರ್ ಮ್ಯಾಗ್ವೈರ್ ಮತ್ತು ಜೊತೆಗಾರರು ಹೀಗೆ ತಯಾರಿ ನಡೆಸುವವರ ಮಿದುಳನ್ನು ಮೊದಲೂ ಆಮೇಲೂ ಸ್ಕ್ಯಾನ್ ಮಾಡಿ 2011ರಲ್ಲಿ ಪ್ರಕಟಿಸಿದರು. ಪಾಸಾದವರಲ್ಲಿ ಹಿಪೊಕ್ಯಾಂಪಸ್ ಅನ್ನುವ ಭಾಗದ ಹಿಂಬದಿ ಬೆಳೆದಿತ್ತು. ಪಾಸಾಗದವರಲ್ಲಿ ಬೆಳೆದಿರಲಿಲ್ಲ. ಇವರೆಲ್ಲ ಮಕ್ಕಳಲ್ಲ, ದುಡಿಯುವ ವಯಸ್ಸಿನವರು.

ಇನ್ನೊಂದು ಸಮಾಧಾನದ ವಿಷಯ ಇದೆ, ಇದನ್ನು ಜಾಸ್ತಿ ಯಾರೂ ಹೇಳುವುದಿಲ್ಲ. ಎಬ್ಬಿಂಗ್‌ಹೌಸ್ ಅನ್ನುವ ಜರ್ಮನ್ ವಿಜ್ಞಾನಿ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಮರೆತು, ಮತ್ತೆ ಬಾಯಿಪಾಠ ಮಾಡಿ 1885ರಲ್ಲಿ ಬರೆದಿಟ್ಟರು. ಎಲ್ಲರೂ ಅದರಿಂದ "ನಾವು ಎಷ್ಟು ಬೇಗ ಮರೆಯುತ್ತೇವೆ" ಅನ್ನುವುದನ್ನು ಮಾತ್ರ ಎತ್ತಿಕೊಂಡರು. ಅವರು ಅಳೆದಿದ್ದೇ ಬೇರೆ: ಎರಡನೇ ಸಲ ಕಲಿಯುವಾಗ ಎಷ್ಟು ಶ್ರಮ ಉಳಿಯಿತು ಅನ್ನುವುದನ್ನು. ಪೂರ್ತಿ ಮರೆತಂತೆ ಅನ್ನಿಸಿದರೂ ಮತ್ತೆ ಕಲಿಯಲು ಕಮ್ಮಿ ಹೊತ್ತು ಸಾಕಾಗುತ್ತಿತ್ತು. ಕಲನಶಾಸ್ತ್ರದ ಪುಸ್ತಕ ತೆರೆದಾಗ ನನಗೆ ಆಗಿದ್ದೂ ಅದೇ. ಒಂದೂ ನೆನಪಿಲ್ಲ ಅಂದುಕೊಂಡಿದ್ದೆ. ಕೈ ಹಚ್ಚಿದರೆ ಎಲ್ಲೋ ಮೂಲೆಯಲ್ಲಿ ಇತ್ತು.

ಹಾಗಾಗಿ ಟೈಮ್ ಇಲ್ಲದೆ ಈಗ ಬಿಟ್ಟವರು, ಶಾಶ್ವತವಾಗಿ ಬಿಟ್ಟೆ ಅಂದುಕೊಳ್ಳಬೇಡಿ.

ಕಿಟಕಿ ಪಕ್ಕ:

ಸರ್, ಕೊನೆಯ ಸಾಲು ಬರೆದುಕೊಂಡೆ. ಥ್ಯಾಂಕ್ಸ್.

ಅಂಚಿನ ಟಿಪ್ಪಣಿ:

ನಾನು ಸುಮ್ನೆ ಓದುತ್ತಿದ್ದೆ, ಈಗ ಬರೆಯಲೇಬೇಕು ಅನ್ನಿಸಿತು. ಸಮಯ ಇದ್ದರೂ ಕಲಿಕೆ ಆಗದೇ ಇರುವ ಒಂದು ಸ್ಥಿತಿ ಇದೆ. ಅದನ್ನು ಯಾರೂ ಹೇಳಲಿಲ್ಲ. ವಿಡಿಯೋ ನೋಡುತ್ತೇವೆ, ಎಲ್ಲಾ ಅರ್ಥವಾಯಿತು ಅನ್ನಿಸುತ್ತದೆ, ಮುಂದಿನ ವಿಡಿಯೋಗೆ ಹೋಗುತ್ತೇವೆ. ಈ "ಅರ್ಥವಾಯಿತು" ಅನ್ನುವ ಭಾವನೆಯೇ ಕುತೂಹಲವನ್ನು ಕೊಲ್ಲುತ್ತದೆ ಅಂತ ನನ್ನ ಬಲವಾದ ನಂಬಿಕೆ. ಅಂತರ ಕಾಣದಿದ್ದರೆ ಪ್ರಶ್ನೆ ಎಲ್ಲಿಂದ ಬರಬೇಕು?

2002ರಲ್ಲಿ ರೋಸೆನ್‌ಬ್ಲಿಟ್ ಮತ್ತು ಕೀಲ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು ಒಂದು ಸರಳ ಪ್ರಯೋಗ ಮಾಡಿದರು. ಜಿಪ್, ಬೀಗ, ಹೊಲಿಗೆ ಯಂತ್ರ ಇಂಥವು ಹೇಗೆ ಕೆಲಸ ಮಾಡುತ್ತವೆ ಅಂತ ನಿಮಗೆ ಎಷ್ಟು ಗೊತ್ತು, ಅಂಕ ಕೊಟ್ಟುಕೊಳ್ಳಿ ಅಂದರು. ಜನ ಧಾರಾಳವಾಗಿ ಕೊಟ್ಟುಕೊಂಡರು. ಆಮೇಲೆ, ಸರಿ, ಹಂತ ಹಂತವಾಗಿ ವಿವರಿಸಿ ಬರೆಯಿರಿ ಅಂದರು. ಬರೆದ ಮೇಲೆ ಮತ್ತೆ ಅಂಕ ಕೇಳಿದರೆ ಅದು ಇಳಿದಿತ್ತು. ನೀವೂ ಮಾಡಿ ನೋಡಿ. ಒಂದು ಹಾಳೆಯಲ್ಲಿ, ನೋಡದೆ, ಸೈಕಲ್ ಚಿತ್ರ ಬರೆಯಿರಿ. ಚೈನ್ ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಚೌಕಟ್ಟಿನ ಕೊಳವೆಗಳು ಎಲ್ಲಿ ಸೇರುತ್ತವೆ ಅಂತ. ದಿನಾ ನೋಡುವ ವಸ್ತುವೇ ಎಷ್ಟು ಪ್ರಶ್ನೆ ಕೊಡುತ್ತದೆ ಅಂತ ಆಗ ಗೊತ್ತಾಗುತ್ತದೆ.

ನಾನು ಏನೇ ಓದಿದರೂ ಪುಸ್ತಕ ಮುಚ್ಚಿಟ್ಟು, ನೆನಪಿನಿಂದ ನನ್ನದೇ ಮಾತಿನಲ್ಲಿ ನಾಲ್ಕು ಸಾಲು ಬರೆಯುತ್ತೇನೆ. ಎಲ್ಲಿ ತಡವರಿಸುತ್ತೇನೋ ಅಲ್ಲಿ ಮುಂದಿನ ಪ್ರಶ್ನೆ. ಇದಕ್ಕೂ ಆಧಾರ ಇದೆ. ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ತೋರಿಸಿದರು: ಐದು ನಿಮಿಷ ಬಿಟ್ಟು ಕೇಳಿದರೆ ಮತ್ತೆ ಮತ್ತೆ ಓದಿದವರೇ ಮುಂದಿದ್ದರು, ವಾರ ಬಿಟ್ಟು ಕೇಳಿದರೆ ನೆನಪಿನಿಂದ ಬರೆದು ನೋಡಿದವರು ಮುಂದಿದ್ದರು. ಟೈಮ್ ಕಮ್ಮಿ ಇರುವವರಿಗೆ ಇದು ಬಹಳ ದೊಡ್ಡ ಉಪಕಾರ. ಎರಡನೇ ಸಲ ಓದುವ ಹೊತ್ತಿನಲ್ಲಿ ನೆನಪಿಸಿಕೊಳ್ಳಿ. ಅದಕ್ಕೆ ಪುಸ್ತಕವೂ ಬೇಡ, ಬೆಳಕೂ ಬೇಡ. ಸಾಮರ್‌ವಿಲ್ ಕತ್ತಲಲ್ಲಿ ಮಾಡುತ್ತಿದ್ದದ್ದು ಸರಿಯಾಗಿ ಇದೇ ಅಲ್ವಾ!

ಡಾರ್ವಿನ್‌ಗೆ ಇನ್ನೊಂದು ಅಭ್ಯಾಸ ಇತ್ತು. ತನ್ನ ವಿಚಾರಕ್ಕೆ ವಿರುದ್ಧವಾದ ಸಂಗತಿ ಕಂಡರೆ ತಕ್ಷಣ ಬರೆದಿಡುತ್ತಿದ್ದರು. ಯಾಕೆಂದರೆ ಅನುಕೂಲವಾದದ್ದಕ್ಕಿಂತ ಅನುಕೂಲವಲ್ಲದ್ದು ಬೇಗ ಮರೆತುಹೋಗುತ್ತದೆ ಅಂತ ಅವರು ಕಂಡುಕೊಂಡಿದ್ದರು. ನನ್ನ ನೋಟ್‌ಬುಕ್ಕಿನಲ್ಲಿ ಅದಕ್ಕೇ ಕೊನೆಯ ಪುಟಗಳನ್ನು ಬಿಟ್ಟಿದ್ದೇನೆ.

ಮೂರನೇ ಪಾಳಿ:

ಅಂಚಿನ ಟಿಪ್ಪಣಿ ಅವರೇ, ನಿಮ್ಮ ಮಾತು ಓದಿ ನಾನು ನಡೆಸುವ ಯಂತ್ರದ ಮೇಲೇ ಪ್ರಯೋಗ ಮಾಡಿದೆ. ಪಾಳಿಯಲ್ಲಿ ಮೀಟರ್ ನೋಡಿ ಬರೆಯುವ ಕೆಲಸದ ಮಧ್ಯೆ ಬಿಡುವು ಸಿಗುತ್ತದೆ, ಆದರೆ ಜಾಗ ಬಿಟ್ಟು ಹೋಗುವ ಹಾಗಿಲ್ಲ. ಅಲ್ಲೇ ಕೂತು, ಒಳಗಿನ ಬಿಸಿ ಹೊರಗೆ ಹೋಗುವುದು ಹೇಗೆ ಅಂತ ಬರೆದೆ. ದ್ರವ ಆವಿಯಾಗುವಾಗ ಸುತ್ತಲಿನ ಬಿಸಿ ಎಳೆದುಕೊಳ್ಳುತ್ತದೆ. ಆ ಆವಿಯನ್ನು ಕಂಪ್ರೆಸರ್ ಒತ್ತುತ್ತದೆ, ಒತ್ತಿದಾಗ ಅದು ಇನ್ನೂ ಬಿಸಿಯಾಗುತ್ತದೆ. ಹೊರಗಿನ ಗಾಳಿಗಿಂತ ಬಿಸಿಯಾಗಿರುವುದರಿಂದ ಅದರ ಬಿಸಿ ಹೊರಗೆ ಹೋಗುತ್ತದೆ, ಮತ್ತೆ ದ್ರವವಾಗುತ್ತದೆ. ಇಲ್ಲಿಯವರೆಗೆ ಸಲೀಸಾಗಿ ಬಂತು. ಮುಂದೆ ಆ ಸಣ್ಣ ವಾಲ್ವ್‌ನಲ್ಲಿ ಒತ್ತಡ ಇಳಿದ ತಕ್ಷಣ ಯಾಕೆ ಅಷ್ಟು ತಣ್ಣಗಾಗುತ್ತದೆ ಅನ್ನುವಲ್ಲಿ ಪೆನ್ನು ನಿಂತಿತು. ಈಗ ಹುಡುಕಿಕೊಂಡು ಓದುತ್ತಿದ್ದೇನೆ. ಒತ್ತಡ ಇಳಿದಾಗ ಕುದಿಯುವ ಬಿಂದುವೂ ಇಳಿಯುತ್ತದೆ, ದ್ರವದ ಒಂದು ಭಾಗ ಅಲ್ಲೇ ಆವಿಯಾಗುತ್ತದೆ, ಅದಕ್ಕೆ ಬೇಕಾದ ಬಿಸಿಯನ್ನು ಉಳಿದ ದ್ರವದಿಂದಲೇ ತೆಗೆದುಕೊಳ್ಳುತ್ತದೆ. ಇಷ್ಟು ವರ್ಷ ಪಕ್ಕದಲ್ಲೇ ಇದ್ದ ಯಂತ್ರ ಈಗ ನನಗೆ ಬೇರೆಯಾಗಿಯೇ ಕಾಣುತ್ತದೆ.

ಒಂದು ಮಾತು ಮಾತ್ರ ಬಿಡುವುದಿಲ್ಲ. ಮೈಕೇಲ್ ಫ್ಯಾರಡೆ ಬೈಂಡಿಂಗ್ ಕೆಲಸ ಕಲಿಯುತ್ತಾ, ಬೈಂಡಿಂಗ್‌ಗೆ ಬಂದ ಪುಸ್ತಕಗಳನ್ನೇ ಓದಿ ದೊಡ್ಡ ವಿಜ್ಞಾನಿಯಾದರು ಅಂತ ಎಲ್ಲರೂ ಹೇಳುತ್ತಾರೆ. ನಿಜ. ಆದರೆ ಓದಲು ಬಿಟ್ಟ ಯಜಮಾನ ಇದ್ದರು. 1812ರಲ್ಲಿ ರಸಾಯನ ವಿಜ್ಞಾನಿ ಹಂಫ್ರಿ ಡೇವಿಯ ಉಪನ್ಯಾಸ ಕೇಳಲು ಅಂಗಡಿಯ ಗಿರಾಕಿಯೊಬ್ಬರು ಟಿಕೆಟ್ ಕೊಟ್ಟರು. ಬರೆದುಕೊಂಡ ಟಿಪ್ಪಣಿಗಳನ್ನು ಬೈಂಡ್ ಮಾಡಿ ಕಳಿಸಿದರೆ ತೆಗೆದು ನೋಡುವ ಡೇವಿಯೂ ಇದ್ದರು. 1813ರಲ್ಲಿ ಕೆಲಸ ಸಿಕ್ಕಿತು. ಈ ಮೂವರಲ್ಲಿ ಒಬ್ಬರು ಇಲ್ಲದಿದ್ದರೂ ಏನಾಗುತ್ತಿತ್ತೋ. ಹಾಗಾಗಿ ನಮ್ಮ ಸಮಯ ನೋಡಿಕೊಳ್ಳುವುದರ ಜೊತೆಗೆ, ನಮ್ಮ ಕೈಕೆಳಗೆ ಕೆಲಸ ಮಾಡುವ ಹುಡುಗರಿಗೆ, ಮನೆಯಲ್ಲಿ ಹೆಂಡತಿಗೆ, ಗಂಡನಿಗೆ, ಒಂದು ಗಂಟೆ ಬಿಡಿಸಿ ಕೊಡುತ್ತೇವಾ ಅಂತಲೂ ಕೇಳಿಕೊಳ್ಳಬೇಕು.

ಹಳೆ ಪೆನ್ನು:

ಇದನ್ನು ಪೂರ್ತಿ ಒಪ್ಪುತ್ತೇನೆ. ಪ್ರಶ್ನೆ ನಮ್ಮದು, ಸಮಯ ಮಾತ್ರ ಹಲವು ಸಲ ಬೇರೆಯವರು ಕೊಡಬೇಕಾದದ್ದು.

ಕಿಟಕಿ ಪಕ್ಕ:

ಚಂದ್ರನ ಲೆಕ್ಕ ತಂದಿದ್ದೇನೆ! ಎದುರು ಮನೆಯ ನೀರಿನ ಟ್ಯಾಂಕ್ ನಮ್ಮ ಗುರುತು. ಹುಣ್ಣಿಮೆಯ ಹೊತ್ತಿಗೆ ಶುರು ಮಾಡಿದೆವು. ಪ್ರತಿ ರಾತ್ರಿ ಹಿಂದಿನ ರಾತ್ರಿಗಿಂತ ಮುಕ್ಕಾಲು ಗಂಟೆಯಿಂದ ಒಂದು ಗಂಟೆಯವರೆಗೆ ತಡ. ಕೊನೆಕೊನೆಗೆ ಮಗಳಿಗೆ ನಿದ್ದೆ ತಡೆಯಲು ಆಗಲಿಲ್ಲ, ನಾನೊಬ್ಬಳೇ ನೋಡಿ ಬರೆದೆ. ಗಂಡ ಆ ಹೊತ್ತಿಗೆ ಅಮ್ಮನ ಪಕ್ಕ ಕೂರುತ್ತಿದ್ದರು, ಯಾರೂ ನನ್ನನ್ನು ಕರೆಯಲಿಲ್ಲ. ಈಗ ಯಾಕೆ ಅಂತ ಹೇಳಿ.

ಲೆಕ್ಕದ ಪುಸ್ತಕ:

ಮೇಡಂ, ಇದು ನನ್ನ ಇಷ್ಟದ ಲೆಕ್ಕ. ನಕ್ಷತ್ರಗಳ ಹಿನ್ನೆಲೆಯಲ್ಲಿ ನೋಡಿದರೆ ಚಂದ್ರ ಭೂಮಿಯ ಸುತ್ತ ಒಂದು ಸುತ್ತು ಬರಲು ಸುಮಾರು 27.3 ದಿನ. 360 ಡಿಗ್ರಿಯನ್ನು ಅದರಿಂದ ಭಾಗಿಸಿ, ದಿನಕ್ಕೆ 13 ಡಿಗ್ರಿ ಚಿಲ್ಲರೆ. ಅಷ್ಟು ಪೂರ್ವಕ್ಕೆ ಸರಿಯುತ್ತಾನೆ. ಸೂರ್ಯನೂ ಅದೇ ದಿಕ್ಕಿಗೆ ದಿನಕ್ಕೆ ಸುಮಾರು 1 ಡಿಗ್ರಿ ಸರಿದಂತೆ ಕಾಣುತ್ತಾನೆ. ನಮ್ಮ ಗಡಿಯಾರ ನಡೆಯುವುದು ಸೂರ್ಯನ ಲೆಕ್ಕದಲ್ಲಿ, ಹಾಗಾಗಿ ಅದನ್ನು ಕಳೆಯಿರಿ. 12 ಡಿಗ್ರಿ ಚಿಲ್ಲರೆ ಉಳಿಯಿತು. ಭೂಮಿ 1 ಡಿಗ್ರಿ ತಿರುಗಲು 4 ನಿಮಿಷ. ಆ 12 ಡಿಗ್ರಿ ತಿರುಗುವಷ್ಟರಲ್ಲಿ ಚಂದ್ರ ಇನ್ನೂ ಒಂದಿಷ್ಟು ಮುಂದೆ ಹೋಗಿರುತ್ತಾನೆ. ಎಲ್ಲಾ ಸೇರಿ ಸರಾಸರಿ 50 ನಿಮಿಷ. ನೀವು ಕಿಟಕಿಯಲ್ಲಿ ಅಳೆದದ್ದು ಇದನ್ನೇ.

ಎರಡನೇ ಸಾಲು:

ಸರ್, ಅವರಿಗೆ ಎಲ್ಲಾ ದಿನ 50 ಯಾಕೆ ಬರಲಿಲ್ಲ? ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಅಂದಿದ್ದಾರೆ. ಅಳತೆಯಲ್ಲಿ ಹೆಚ್ಚುಕಮ್ಮಿನಾ, ನಿಜವಾಗಿಯೂ ಬದಲಾಗುತ್ತದಾ?

ಲೆಕ್ಕದ ಪುಸ್ತಕ:

ನಿಜವಾಗಿಯೂ ಬದಲಾಗುತ್ತದೆ ತಮ್ಮಾ. ಚಂದ್ರನ ದಾರಿ ಪೂರ್ತಿ ವೃತ್ತ ಅಲ್ಲ, ಭೂಮಿಗೆ ಹತ್ತಿರ ಬಂದಾಗ ಬೇಗ ಬೇಗ ಹೋಗುತ್ತಾನೆ. ಇನ್ನೊಂದು ಕಾರಣ, ಅವನ ದಾರಿ ದಿಗಂತಕ್ಕೆ ಓರೆಯಾಗಿದೆ ಮತ್ತು ಆ ಓರೆ ದಿನದಿಂದ ದಿನಕ್ಕೆ ಬೇರೆಯಾಗುತ್ತಾ ಹೋಗುತ್ತದೆ. ದಾರಿ ದಿಗಂತದ ಉದ್ದಕ್ಕೇ ಮಲಗಿದಂತೆ ಇದ್ದಾಗ ತಡ ಕಮ್ಮಿ, ನೆಟ್ಟಗೆ ಕೆಳಗಿಳಿದಾಗ ತಡ ಜಾಸ್ತಿ. ಭೂಮಧ್ಯರೇಖೆಯಿಂದ ದೂರ ಹೋದಷ್ಟೂ ಈ ವ್ಯತ್ಯಾಸ ಇನ್ನೂ ಎದ್ದು ಕಾಣುತ್ತದೆ. ನೀವು ಪ್ರೋಗ್ರಾಮ್ ಬರೆಯುವವರು, ಒಂದು ವರ್ಷದ ಚಂದ್ರೋದಯದ ಹೊತ್ತು ತೆಗೆದುಕೊಂಡು ಗ್ರಾಫ್ ಹಾಕಿ ನೋಡಿ.

ಎರಡನೇ ಸಾಲು:

ಈ ಭಾನುವಾರ ಹಾಕುತ್ತೇನೆ. ಸರ್ಟಿಫಿಕೇಟ್ ಓದು ಒಂದು ವಾರ ಕಾಯಲಿ.

ಕಿಟಕಿ ಪಕ್ಕ:

ಮಗಳಿಗೆ ಹಣ್ಣು, ಚೆಂಡು ಇಟ್ಟುಕೊಂಡು ಹೇಳಿಕೊಟ್ಟೆ. ಕೇಳಿಸಿಕೊಂಡಳು. ಆಮೇಲೆ, "ಅವನು ನಮ್ಮ ಸುತ್ತ ಸುತ್ತುತ್ತಾನೆ ಅಂದರೆ ಅವನ ಬೆನ್ನು ಯಾಕೆ ನಮಗೆ ಕಾಣುವುದಿಲ್ಲ?" ಅಂದಳು. ಈಗ ಮತ್ತೆ ನಿಮ್ಮ ಹತ್ತಿರ ಬಂದಿದ್ದೇನೆ.

ಹಳೆ ಪೆನ್ನು:

ಮೇಡಂ, ಕೋಣೆಯ ನಡುವೆ ಒಂದು ಕುರ್ಚಿ ಇಡಿ. ಮುಖ ಯಾವಾಗಲೂ ಕುರ್ಚಿಯ ಕಡೆಗೇ ಇರುವಂತೆ ಮಗಳು ಅದರ ಸುತ್ತ ಒಂದು ಸುತ್ತು ಬರಲಿ. ಹಾಗೆ ಬರುವಾಗ ಕುರ್ಚಿಯ ಆಚೆ ಅವಳಿಗೆ ಕೋಣೆಯ ಯಾವ ಯಾವ ಗೋಡೆ ಕಂಡಿತು ಅಂತ ಕೇಳಿ. ನಾಲ್ಕೂ ಕಂಡಿತು ಅಂದರೆ ಅವಳು ಕುರ್ಚಿಯ ಸುತ್ತ ಹೋಗುವಷ್ಟರಲ್ಲಿ ತನ್ನ ಸುತ್ತಲೂ ಸರಿಯಾಗಿ ಒಂದು ಸಲ ತಿರುಗಿದ್ದಾಳೆ. ಚಂದ್ರನೂ ಹಾಗೇ, ಎರಡಕ್ಕೂ ಅದೇ 27.3 ದಿನ. ಎರಡೂ ಯಾಕೆ ಅಷ್ಟು ಸರಿಯಾಗಿ ಹೊಂದಿಕೊಂಡವು ಅನ್ನುವುದಕ್ಕೆ ಭೂಮಿಯ ಸೆಳೆತದಿಂದ ಚಂದ್ರನ ಮೇಲೆ ಆಗುವ ಉಬ್ಬರದ ವಿಷಯ ಓದಬೇಕು. ಅದನ್ನು ನಾನೂ ಇವತ್ತು ರಾತ್ರಿ ತೆಗೆದು ಕೂರುತ್ತೇನೆ. ಅರ್ಥವಾದಷ್ಟು ನಾಳೆ ಇಲ್ಲೇ ಬರೆಯುತ್ತೇನೆ.